ಅಂಜಿಕೆಯನ್ನು ಸೆರಗಿಗೆ ಕಟ್ಟಿದ ಬಾಯಾರು

ಕರುಣಾ, ದಾನಿಯೇಲ, ಎಸ್ತೇರ,

ಹೋದ ರಜೆಯಲ್ಲಿ ನೀವು ಬಂದಿದ್ದಾಗ ಒಂದು ಮಧ್ಯಾಹ್ನ ಗುಡುಗು ಸಿಡಿಲು ಎದ್ದಿತು. ಎಸ್ತೇರ ಓಡಿಬಂದು ನನ್ನ ತೊಡೆಯಲ್ಲಿ ಮುಖ ಹುದುಗಿಸಿ, "ಆಯಿ, ನಿನಗ ಅಂಜಿಕಿ ಬರಂಗಿಲ್ಲೇನು?" ಎಂದು ಕೇಳಿದಳು. ನಾನು ಅವಳ ತಲೆ ಸವರಿದೆನೇ ಹೊರತು ಉತ್ತರ ಕೊಡಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಕೇಳಿದ ಕೂಡಲೇ ಹೇಳಲು ನನಗೆ ಬಾಯಿ ಬರುವುದಿಲ್ಲ. "ನಮ್ಮ ಅವ್ವನ ಮಾತ ಬೇಕಂದ್ರ ಪೆನ್ಸಿಲ್ ಕೊಡ್ರಿ" ಎಂದು ನಿಮ್ಮ ಅಪ್ಪ ನಗುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಹುಕ್ಕೇರಿ ಕಡೆಯ ಒಂದು ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನನಗೆ ಅಂಜಿಕೆ ಬರುತ್ತದೆ, ಎಸ್ತೇರ. ಆದರೆ ಬಂದ ಅಂಜಿಕೆಯನ್ನು ಏನು ಮಾಡಬೇಕೆಂದು ನನಗೆ ಒಬ್ಬರು ಕಲಿಸಿದರು. ಅವರ ಹೆಸರನ್ನು ನಮ್ಮೂರಿನಲ್ಲಿ ಯಾರೂ ಹಿಡಿಯುತ್ತಿರಲಿಲ್ಲ. ಚಿಕ್ಕವರು, ದೊಡ್ಡವರು, ಗೌಡರು, ಎಲ್ಲರೂ ಅವರನ್ನು ಗೌರವದಿಂದ 'ಬಾಯಾರು' ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ನಾನು ಲಗ್ನವಾಗಿ ಮೂಡಲಗಿ ಮತ್ತು ಕೌಜಲಗಿಯ ನಡುವಿನ ಈ ಊರಿಗೆ ಬಂದಾಗ ಸ್ವಾತಂತ್ರ್ಯ ಬಂದು ಬಹಳ ದಿನ ಆಗಿರಲಿಲ್ಲ. ಊರಿನ ಅಂಚಿನ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಮೂರೇ. ಮೂರೂ ಮನೆಯವರು ಕಂಡವರ ಹೊಲದಲ್ಲಿ ದುಡಿದು ತಿನ್ನುವವರು. ಓಣಿಯ ಕೊನೆಗೆ, ಹುಣಸೆ ಮರದ ಬಾಜೂಕ್ಕೆ, ಒಂದು ಕೋಣೆಯಲ್ಲಿ ಬಾಯಾರು ಇದ್ದರು. ಗೋಕಾಕದಲ್ಲಿ ಒಬ್ಬ ಬಿಳಿಯ ದೊರೆಸಾನಿ ನಡೆಸುತ್ತಿದ್ದ ದವಾಖಾನೆಯಲ್ಲಿ ಕೆಲಸ ಕಲಿತವರು. ಭಾನುವಾರ ಮಕ್ಕಳಿಗೆ ಯೇಸುಸ್ವಾಮಿಯ ಕಥೆ ಹೇಳುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಬಾಣಂತಿಯರ ಹತ್ತಿರ ಕೂಡುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ಕುಳ್ಳ ದೇಹ, ಬಿಳಿ ಸೀರೆ, ಎಡಗಣ್ಣಿನ ಕೆಳಗೆ ಸಿಡುಬಿನ ಒಂದು ಕಲೆ.

ಅವರಷ್ಟು ಅಂಜುವ ಹೆಂಗಸನ್ನು ನಾನು ಆಮೇಲೂ ಕಂಡಿಲ್ಲ. ನಾಯಿಗೆ ಅಂಜುತ್ತಿದ್ದರು. ಸಿಡಿಲಿಗೆ ಅಂಜುತ್ತಿದ್ದರು. ಹಿಂದಕ್ಕೆ ಬರುವ ಬಸ್ಸಿಗೆ, ಮೀಸೆಯ ಗಂಡಸರಿಗೆ, ಕಚೇರಿಯ ಪಟ್ಟೇವಾಲರಿಗೆ, ಎಲ್ಲಕ್ಕೂ ಅಂಜುತ್ತಿದ್ದರು. ಅಂಜಿದಾಗಲೆಲ್ಲ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದರು. ಸಂತೆಗೆ ಹೋದ ನಾವು ಮರೆಯಬಾರದ ಸಾಮಾನಿಗೆ ಗಂಟು ಹಾಕಿಕೊಳ್ಳುವುದಿಲ್ಲವೇ, ಹಾಗೆ. ಸಂಜೆ ಹೊಸ್ತಿಲ ಮೇಲೆ ಕುಳಿತು ಒಂದೊಂದೇ ಗಂಟು ಬಿಚ್ಚುತ್ತ, "ಸ್ವಾಮಿ, ಇದು ಪಾಟೀಲರ ಮನಿ ನಾಯಿದು. ಇದು ಮೂಡಲಗಿ ಬಸ್ಸಿಂದು" ಎಂದು ದೇವರಿಗೆ ಒಪ್ಪಿಸುತ್ತಿದ್ದರು. ಬಿಚ್ಚಿ ಮುಗಿದ ಮೇಲೆ ಸೆರಗು ಝಾಡಿಸಿ ಎದ್ದು ಒಲೆ ಹಚ್ಚುತ್ತಿದ್ದರು. ಓಣಿಯ ಹುಡುಗರು "ಬಾಯಾರ, ಇವತ್ತ ಎಷ್ಟ ಗಂಟ್ರಿ?" ಎಂದು ಕಾಡುತ್ತಿದ್ದರು. ಅವರು ಸಿಟ್ಟಾಗದೆ ಸೆರಗು ಎತ್ತಿ ತೋರಿಸುತ್ತಿದ್ದರು.

ಹೊಸದಾಗಿ ಬಂದ ನಾನು ಒಮ್ಮೆ ಕೇಳಿದೆ. "ಬಾಯಾರ, ದೇವರ ಮ್ಯಾಲ ವಿಶ್ವಾಸ ಇದ್ದವರಿಗೆ ಅಂಜಿಕಿ ಬರಬಾರದಲ್ಲರಿ?"

"ಯಾರ ಹೇಳ್ಯಾರ ತಂಗಿ ನಿನಗ? ನಮ್ಮ ಯೇಸುಸ್ವಾಮಿಗೇ ಶಿಲುಬಿಗೆ ಹಾಕೂ ಹಿಂದಿನ ರಾತ್ರಿ ತೋಟದಾಗ ಬೆವರ ಕಿತ್ತಿತ್ತು. ಈ ಸಂಕಟ ನನ್ನ ಮುಂದಿಂದ ತಗೀಯಪ್ಪಾ ಅಂತ ಬೇಡಿಕೊಂಡ. ಅಂಜಿದಾಂವ ಅಂವ. ಅದಕ್ಕ ನಾ ಅವಗ ಹೇಳ್ತೇನಿ. ಅಂಜಲಾರದಾಂವಗ ಹೇಳಿದ್ರ ಏನ್ ತಿಳೀತೈತಿ?"

ಅವರ ಇನ್ನೊಂದು ರೀತಿ ಎಂದರೆ ಯಾರಿಗೂ ಆವತ್ತೇ ಉತ್ತರ ಕೊಡುತ್ತಿರಲಿಲ್ಲ. ಗೋಕಾಕದ ದೊರೆಸಾನಿ ತನ್ನ ದೇಶಕ್ಕೆ ಹೊರಟುಹೋದ ವರ್ಷ ದವಾಖಾನೆಯ ಬಾಗಿಲು ಮುಚ್ಚಿತು. ಬಾಯಾರ ಪಗಾರವೂ ನಿಂತಿತು. ಮೂಡಲಗಿಯ ಸಂತೆಯಲ್ಲಿ ಒಬ್ಬ ಚಹದಂಗಡಿಯವನು ಎಲ್ಲರೆದುರಿಗೆ, "ಏನ್ರಿ ಬಾಯಾರ, ದೊರೆಸಾನಿ ಹಡಗ ಹತ್ತಿದ್ಲಂತ. ನಿಮ್ಮ ದೇವರೂ ಹತ್ತಿದನೇನು? ಇನ್ನ ನಿಮ್ಮನ್ನ ಯಾರ ಕೇಳಾವ್ರು?" ಎಂದು ನಕ್ಕ. ಬಾಯಾರು ತಲೆ ತಗ್ಗಿಸಿ ಒಂದು ಗಂಟು ಹಾಕಿ ಬಂದುಬಿಟ್ಟರು. ಮರುದಿನ ಬಿಸಿಲಿನಲ್ಲಿ ಅಷ್ಟು ದೂರ ಮತ್ತೆ ನಡೆದು ಹೋದರು. ಜೊತೆಗೆ ನಾನಿದ್ದೆ.

"ಕಾಕಾ, ನಿನ್ನೆ ನೀವ ಒಂದ ಮಾತ ಕೇಳಿದ್ರಿ."

"ನಾ ಏನ್ ಕೇಳಿದ್ನಿ?"

"ನಮ್ಮ ದೇವರೂ ಹಡಗ ಹತ್ತಿದನೇನು ಅಂದ್ರಿ. ನನಗ ಆವಾಗ ಅಂಜಿಕಿ ಬಂದು ಮಾತ ಹೊಂಡಲಿಲ್ಲ. ಇವತ್ತ ಹೇಳ್ತೇನಿ. ಅಂವ ಹತ್ತಿಲ್ರಿ. ನಾನೂ ಎಲ್ಲಿಗೂ ಹೋಗಂಗಿಲ್ಲ. ಇಲ್ಲೇ ಇರ್ತೇನಿ."

ಅಂಗಡಿಯವನಿಗೆ ತಾನು ಕೇಳಿದ್ದೇ ಮರೆತುಹೋಗಿತ್ತು. ಇವರನ್ನು ಪಿಳಿಪಿಳಿ ನೋಡಿ, "ಇದ ಹೇಳಾಕ ಇಷ್ಟ ದೂರ ಬಂದ್ರೇನು? ಕುಂಡ್ರಿ, ಚಹಾ ಕುಡೀರಿ" ಎಂದ. ಕುಡಿದು ಬಂದೆವು.

ಗೋಕಾಕದ ಧಬಧಬೆಯ, ಅಂದರೆ ಜಲಪಾತದ, ತೂಗುಸೇತುವೆಯ ಮೇಲೂ ಅವರ ಜೊತೆ ನಡೆದಿದ್ದೇನೆ. ಆಚೆ ದಂಡೆಯಲ್ಲಿ ಹಾಸಿಗೆ ಹಿಡಿದ ಒಬ್ಬ ವಿಧವೆ ಇದ್ದಳು. ಅವಳ ಹತ್ತಿರ ಕೂತು ಪ್ರಾರ್ಥನೆ ಮಾಡಲು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಸೇತುವೆ ಕಾಲ ಕೆಳಗೆ ಅಲುಗಾಡುತ್ತದೆ, ಕೆಳಗೆ ಬಂಡೆ, ನೀರಿನ ಸದ್ದು. ನಡುವೆ ಬಂದ ಕೂಡಲೇ ಬಾಯಾರು ತಟ್ಟನೆ ಕುಳಿತುಬಿಡುತ್ತಿದ್ದರು. ಒಮ್ಮೆ ಎದುರಿಗೆ ಬಂದ ಒಬ್ಬ ಮುದುಕ, "ಕಣ್ಣ ಮುಚ್ಚಿ ನಡೀವಾ ತಂಗಿ" ಎಂದರೆ, "ಕಣ್ಣ ಮುಚ್ಚಿದ್ರ ಇನ್ನೂ ಆಳ ಕಾಣ್ತೈತ್ರಿ ಮುತ್ಯಾ" ಎಂದರು. ಆಮೇಲೆ ಎದ್ದು ನಡೆದರು. ಅಷ್ಟು ವರ್ಷ ಹೋದರೂ ಅವರಿಗೆ ಆ ಸೇತುವೆ ರೂಢಿಯಾಗಲಿಲ್ಲ. ಪ್ರತಿ ಸಲವೂ ಕುಳಿತರು, ಪ್ರತಿ ಸಲವೂ ಎದ್ದರು. ಆ ವಿಧವೆ ತೀರಿಕೊಂಡ ಮೇಲೆಯೇ ಹೋಗುವುದನ್ನು ಬಿಟ್ಟರು.

ಇವೆಲ್ಲ ಸಣ್ಣ ಅಂಜಿಕೆಗಳು. ದೊಡ್ಡದು ಒಂದಿತ್ತು. ಅದನ್ನು ಅವರು ನನಗೆ ಒಮ್ಮೆ ಜೋಳ ಹಸನು ಮಾಡುತ್ತ ಕೂತಾಗ ಹೇಳಿದರು. ಅವರು ಸಣ್ಣವರಿದ್ದಾಗ ಅವರ ಅವ್ವ ವಾಂತಿಭೇದಿಯಲ್ಲಿ ತೀರಿಕೊಂಡಳು. ಮನೆಯಲ್ಲಿ ಮತ್ತಾರೂ ಉಳಿದಿರಲಿಲ್ಲ. ಅಂಜಿ ಯಾರೂ ಬಾಗಿಲಿಗೆ ಬರಲಿಲ್ಲ. ಒಂದು ಹಗಲು ಪೂರ್ತಿ ಆ ಮಗು ಹೆಣದ ಬಾಜೂಕ್ಕೆ ಕುಳಿತಿತ್ತು. ಕೊನೆಗೆ ದೊರೆಸಾನಿಯ ಗಾಡಿಯವನು ಎತ್ತಿಕೊಂಡು ಹೋದ.

"ಆ ವಾಸನಿ ಇನ್ನೂ ನನ್ನ ಮೂಗಿನ್ಯಾಗ ಐತಿ ತಂಗಿ" ಎಂದರು. "ಯಾವ ಬ್ಯಾನಿಯವರ ಹತ್ತರನೂ ಕುಂಡ್ರತೇನಿ. ಅದೊಂದ ನನ್ನ ಕಡಿಂದ ಆಗಂಗಿಲ್ಲ. ಸ್ವಾಮಿಗೂ ಹೇಳಿಟ್ಟೇನಿ, ಅದೊಂದ ಕೇಳಬ್ಯಾಡಪ್ಪಾ ಅಂತ."

ಮರುವರ್ಷದ ಬೇಸಿಗೆಯಲ್ಲಿ ನಮ್ಮೂರಿಗೆ ಅದೇ ಬಂತು.

ಹಳ್ಳ ಬತ್ತಿ, ಸೆಲೆಯ ನೀರು ಕೆಟ್ಟು, ಮೊದಲು ಮೇಲಿನ ಓಣಿಯಲ್ಲಿ ಇಬ್ಬರು, ಆಮೇಲೆ ಗೌಡರ ಮೊಮ್ಮಗ ತೀರಿಕೊಂಡರು. ಆಗ ಊರವರು ವಾರ ಹಿಡಿದರು. ಅದೇನೆಂದು ನಿಮಗೆ ತಿಳಿಯದು, ಹೇಳುತ್ತೇನೆ. ಊರಿಗೆ ಬೇನೆ ಬಂದರೆ ಐದು ಮಂಗಳವಾರ ಊರು ಬಿಡಬೇಕು. ಹೊತ್ತು ಹುಟ್ಟುವ ಮೊದಲು ಜನ, ದನ, ಕೋಳಿ, ಎಲ್ಲ ಹೊರಗೆ. ಒಳಗೆ ಒಲೆ ಹೊತ್ತಬಾರದು, ಕುಟ್ಟಬಾರದು, ಬೀಸಬಾರದು. ಊರಬಾಗಿಲಿಗೆ, ಓಣಿಗಳ ಬಾಯಿಗೆ ಜಾಲಿಮುಳ್ಳು ಹಚ್ಚುತ್ತಾರೆ. ಹೊತ್ತು ಮುಳುಗಿದ ಮೇಲೆ ಮುಳ್ಳು ತೆಗೆದು ಒಳಗೆ ಬರುವುದು. ಖಾಲಿ ಊರಿನಲ್ಲಿ ದುರ್ಗವ್ವ ತಿರುಗಾಡಿ ಬೇನೆಯನ್ನು ಗುಡಿಸಿ ಹಾಕುತ್ತಾಳೆಂದು ಅವರ ನಂಬಿಕೆ. ನಮ್ಮ ಮೂರು ಮನೆಯವರೂ ಊರ ಜೊತೆ ಹೊರಗೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದೆವು. ಊರಲ್ಲಿದ್ದವರು ಊರಿನ ಹಾಗೆ.

ಹಾಗೆ ವಾರ ಹಿಡಿದ ಎರಡನೆಯ ಮಂಗಳವಾರ ಬೆಳಗಿನ ಜಾವಕ್ಕೆ ನನ್ನ ಅತ್ತೆಗೆ ಶುರುವಾಯಿತು. ಬೆಳಕು ಹರಿಯುವಷ್ಟರಲ್ಲಿ ಕಣ್ಣು ಒಳಗೆ ಹೋಗಿ, ಕೈಕಾಲು ಸೆಟೆದು, ಬಾಯಿ ಜೋರಿದ್ದ ಆ ಹೆಂಗಸು ಪಿಟ್ಟೆನ್ನದೆ ಬಿದ್ದಿದ್ದಳು. ನನ್ನ ಗಂಡ, ನಿಮ್ಮ ಮುತ್ಯಾ, ಆಗ ಗೌಡರ ಮನೆಯ ಜೀತದಾಳು. ಗೌಡರ ಎತ್ತುಗಳನ್ನು ಹೊರಗೆ ಹೊಡೆಯಬೇಕಿತ್ತು. "ಅವ್ವನ್ನ ಗಾಡ್ಯಾಗ ಹಾಕ್ಕೊಂಡು ಹೋಗೂನು. ಒಳಗ ಬಿಟ್ರ ಊರವರು ಸುಮ್ನಿರಂಗಿಲ್ಲ" ಎಂದರು. ನಾನು ಓಡಿ ಬಾಯಾರನ್ನು ಕರೆದೆ.

ಅವರು ನಮ್ಮ ಹೊಸ್ತಿಲವರೆಗೆ ಬಂದು ನಿಂತರು. ಒಳಗಿನ ವಾಸನೆ ಹೊರಗೆ ಬರುತ್ತಿತ್ತು. ಅವರ ಮುಖ ಬಿಳಿಚಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸೆರಗಿಗೆ ಗಂಟು ಹಾಕಲು ಹೋದರೆ ಬೆರಳು ನಡುಗಿ ಗಂಟು ಬೀಳಲಿಲ್ಲ. ಮತ್ತೆ ಹಾಕಿದರು. ಆಮೇಲೆ ಒಳಗೆ ಬಂದು ಅತ್ತೆಯ ಕೈ ಹಿಡಿದು ನೋಡಿದರು.

"ಈ ಬಿಸಿಲಾಗ ಗಾಡ್ಯಾಗ ಹಾಕಿದ್ರ ಈಕಿ ಹೊಲ ಮುಟ್ಟಂಗಿಲ್ಲ" ಎಂದರು. "ನೀರ ಕಾಸಿ ಆರಿಸಿ ಗುಟುಕ ಗುಟುಕ ಹಾಕಬೇಕು. ಉಪ್ಪ ಹಾಕಿದ ಗಂಜಿ ತಿಳಿ ಹಾಕಬೇಕು. ಎಷ್ಟ ಹೋಗತೈತಿ ಅಷ್ಟ ಒಳಗ ಹಾಕಬೇಕು. ಅದಕ್ಕ ಒಲಿ ಬೇಕು."

"ಒಲಿ ಹ್ಯಾಂಗ ಹಚ್ಚೂದ್ರಿ ಇವತ್ತ?" ಎಂದರು ನಿಮ್ಮ ಮುತ್ಯಾ. "ಹೊಗಿ ಕಂಡ್ರ ನಮ್ಮ ಮೂರೂ ಮನಿ ಊರಾಗ ಉಳಿಯಂಗಿಲ್ಲ. ಹಿತ್ತಲದಾಗ ಸಣ್ಣಂಗ..."

"ಕದ್ದು ಹಚ್ಚೂದ ಬ್ಯಾಡ. ಕೇಳಿ ಬರ್ತೇನಿ."

ನನ್ನ ಗಂಡ ಅವ್ವನ ಹತ್ತಿರ ನಿಂತರು. ನಾನು ಬಾಯಾರ ಹಿಂದೆ ಹೊರಟೆ. ಹಳ್ಳದ ದಂಡೆಯ ಬೇವಿನ ಮರಗಳ ಕೆಳಗೆ ಇಡೀ ಊರು ಬಿಡಾರ ಬಿಟ್ಟಿತ್ತು. ದಾರಿಯುದ್ದಕ್ಕೂ ಬಾಯಾರ ಬೆರಳುಗಳು ಸೆರಗಿನಲ್ಲಿ ಕೆಲಸ ಮಾಡುತ್ತಿದ್ದವು. ಗೌಡರು ಕಂಬಳಿಯ ಮೇಲೆ ಒಬ್ಬರೇ ಕುಳಿತಿದ್ದರು. ಅವರಿಗೆ ದೊಡ್ಡ ಮೀಸೆ.

"ಗೌಡ್ರ, ನನಗ ನಿಮ್ಮ ಅಂಜಿಕಿ ಐತ್ರಿ" ಎಂದು ಬಾಯಾರು ಶುರುಮಾಡಿದರು. "ಅದಕ್ಕ ಒಮ್ಮೆಲೆ ಹೇಳಿಬಿಡ್ತೇನಿ. ಈಕಿ ಅತ್ತಿಗೆ ಬ್ಯಾನಿ ಹತ್ತೈತಿ. ಹೊರಗ ತರಾಕ ಬರಂಗಿಲ್ಲ. ನಾವು ಆಕಿ ಕೂಡ ಒಳಗ ಇರಬೇಕು, ಒಲಿ ಹಚ್ಚಬೇಕು. ನಿಮ್ಮನ್ನ ಕೇಳಲಾರದ ಹಚ್ಚಬಾರದಂತ ಬಂದೇನಿ."

ಯಾರೋ ಹಿಂದಿನಿಂದ, "ದೊರೆಸಾನಿ ಹ್ವಾದ್ಲು, ಇವರ ಸೊಕ್ಕ ಹೋಗಲಿಲ್ಲ ನೋಡ್ರಿ! ವಾರ ಮುರದ್ರ ಊರಿಗೆ ಊರ ಹೋಗತೈತಿ!" ಎಂದು ಕೂಗಿದ. ಇನ್ನಿಬ್ಬರು ಎದ್ದು ನಿಂತರು. ನಾನು ಬಾಯಾರ ಬೆನ್ನಿಗೆ ಸರಿದೆ.

ಗೌಡರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಬಾಯಾರ, ಮೊನ್ನೆ ಮೊನ್ನೆ ನನ್ನ ಮೊಮ್ಮಗನ್ನ ಈ ಕೈಲೇ ಮಣ್ಣಿಗೆ ಇಟ್ಟೇನಿ. ನನಗ ಉಳದದ್ದು ಇದೊಂದ. ಇದನ್ನೂ ಕಸಗೋತೀರೇನು?"

ಬಾಯಾರು ಸೆರಗಿಗೆ ಇನ್ನೊಂದು ಗಂಟು ಹಾಕಿದರು. ನಾಳೆ ಬಂದು ಉತ್ತರ ಹೇಳಲು ಆ ದಿನ ವ್ಯವಧಾನವಿರಲಿಲ್ಲ.

"ಇಲ್ರಿ, ಕಸಗೊಳ್ಳಂಗಿಲ್ಲ" ಎಂದರು. "ನೀವ ಹೇಳ್ರಿ, ಹ್ಯಾಂಗ ಮಾಡ್ಲಿ? ನಿಮ್ಮ ವಾರನೂ ಮುರೀಬಾರದು, ಆಕೀನೂ ಸಾಯಬಾರದು. ಆಕೀನೂ ನಿಮ್ಮ ಊರಾಕೀನರಿ, ಗೌಡ್ರ."

ಆಗ ಬಾಯಿ ತೆಗೆದವಳು ಮಾಳವ್ವ. ಕುರಿಹಟ್ಟಿಯ ಮುದುಕಿ, ಗೌಡರಿಗೂ ಹಿರಿಯಳು. "ಅಲ್ಲೋ ಗೌಡಾ, ಒಳಗ ಒಲಿ ಹೊತ್ತಬಾರದು, ಖರೆ. ಹೊರಗ ನಾವೆಲ್ಲಾ ಹೊಗಿ ಎಬ್ಬಿಸಿ ಕುಂತಿಲ್ಲೇನು? ಮುಳ್ಳಿನ ಹೊರಗ ಒಬ್ಬಾಕಿ ನೀರ ಕಾಸ್ಲಿ. ಒಳಗ ಒಬ್ಬಾಕಿ ಇಸಗೊಳ್ಲಿ. ಬಿದ್ದಾಕೀ ಬಾಜೂಕ ಒಬ್ಬಾಕಿ ಕುಂತ್ರ ದುರ್ಗವ್ವ ಏನ್ ಸಿಟ್ಟಾಗ್ತಾಳು? ಆಕೀನೂ ಹೆಣ್ಣ ಅದಾಳ."

ಗೌಡರು ಮೀಸೆಯ ಮೇಲೆ ಕೈ ಇಟ್ಟುಕೊಂಡು ಕುಳಿತರು. ಕೊನೆಗೆ, "ಆಗ್ಲಿ. ಆದ್ರ ಒಳಗ ಹ್ವಾದಾಕಿ ಸಂಜಿಮಟ ಹೊರಗ ಬರಂಗಿಲ್ಲ. ಹೊರಗಿನಾಕಿ ಒಳಗ ಕಾಲ ಇಡಂಗಿಲ್ಲ. ಮುಳ್ಳ ದಾಟಿದ್ರ ಊರ ಗಂಡಸರನ್ನ ನಾ ತಡಿಯಂಗಿಲ್ಲ, ನೋಡ್ರಿ" ಎಂದರು.

ಮರಳಿ ಬರುವಾಗ ನಾನು ಹೇಳಿದೆ. "ಬಾಯಾರ, ನಾ ಒಳಗ ಹೋಗ್ತೇನಿ. ನೀವ ಹೊರಗಿರ್ರಿ." ನಾನು ಹಾಗೆ ಹೇಳಿದ್ದು ಅವರ ಮೇಲಿನ ಕರುಣೆಯಿಂದಷ್ಟೇ ಅಲ್ಲ. ಓಣಿಯ ಬಾಯಿ ಆ ಬೇವಿನ ಮರಗಳಿಗೆ ಎದುರಾಗಿತ್ತು. ಹೊರಗೆ ಕೂತವಳು ದಿನವಿಡೀ ಊರ ಜನರ ಕಣ್ಣೆದುರು ಕೂಡಬೇಕು. ಹಿರಿಯರೆದುರು ತಲೆಯ ಮೇಲಿನ ಸೆರಗು ಸರಿಸದ, ನಾಲ್ಕು ಜನರಲ್ಲಿ ಬಾಯಿ ತೆಗೆಯದ ನನಗೆ ವಾಂತಿಭೇದಿಗಿಂತ ಆ ಕಣ್ಣುಗಳೇ ಹೆಚ್ಚು ಅಂಜಿಕೆ.

ಬಾಯಾರು ನಿಂತು ನನ್ನ ಹೊಟ್ಟೆಯ ಕಡೆ ನೋಡಿದರು. ನಿಮ್ಮ ಅಪ್ಪ ಆಗ ಇನ್ನೂ ಹುಟ್ಟಿರಲಿಲ್ಲ, ಒಳಗಿದ್ದ. "ಎರಡ ಜೀವದಾಕಿ ನೀ. ನಾ ಹೋಗ್ತೇನಿ" ಎಂದರು. ಆಮೇಲೆ ಆಕಾಶದ ಕಡೆ ನೋಡಿ, ಬಾಜೂ ಮನೆಯವರ ಜೊತೆ ಮಾತಾಡುವಂತೆ, "ಅದೊಂದ ಕೇಳಬ್ಯಾಡ ಅಂದಿದ್ನಿ, ಅದನ್ನ ಕೇಳಿದಿ ನೋಡು. ಆಗ್ಲಿ. ನೀನೂ ಕೂಡ ಬಾ ಮತ್ತ" ಎಂದರು. ಅವರು ಒಳಗೆ ಹೋದರು. ನಿಮ್ಮ ಮುತ್ಯಾ ಹೊರಗೆ ಬಂದರು. ಮುಳ್ಳು ಹಚ್ಚಿದರು.

ನಾನು ಮೂರು ಕಲ್ಲು ಹೂಡಿ ನೀರು ಕಾಸಿದೆ. ಆರಿಸಿದೆ. ಗಂಜಿ ಬೇಯಿಸಿ ತಿಳಿ ಬಸಿದೆ. ಈಗ ಬಾಯಾರನ್ನು ಕರೆಯಬೇಕು. ನಮ್ಮ ಮನೆ ಓಣಿಯ ಒಳಗೆ ದೂರ. ನನ್ನ ಹಿಂದೆ ಇಡೀ ಊರು. ಕರೆದೆ. ದನಿ ಗಂಟಲಿನಲ್ಲೇ ಉಳಿಯಿತು.

ಮಾಳವ್ವ ಕೋಲೂರಿಕೊಂಡು ಬಂದು ನನ್ನ ಒಲೆಯ ಹತ್ತಿರ ಕುಳಿತಳು. "ಹಂಗ ಕರದ್ರ ಕೋಳಿನೂ ಬರಂಗಿಲ್ಲವಾ" ಎಂದಳು.

"ಎಲ್ಲಾರೂ ನೋಡಾಕತ್ತಾರ, ಅಮ್ಮಾ."

"ನೋಡ್ಲಿ. ನೋಡಾಕ ರೊಕ್ಕ ಕೊಡಬೇಕಾಗೇತೇನು?"

ಆಗ ನಾನು ಬಾಯಾರು ಮಾಡುವ ಹಾಗೆ ಮಾಡಿದೆ. ನನ್ನ ಸೆರಗಿನ ತುದಿ ಹಿಡಿದು ಒಂದು ಗಂಟು ಹಾಕಿದೆ. ಸ್ವಾಮಿ, ಇದು ನಿನ್ನದು, ಸಂಜೆ ಬಿಚ್ಚಿ ಹೇಳುತ್ತೇನೆ, ಈಗ ನನಗೆ ದನಿ ಕೊಡು ಎಂದೆ. "ಬಾಯಾರಽ!" ಎಂದು ಕೂಗಿದೆ. ಬೇವಿನ ಮರದ ಹಕ್ಕಿಗಳು ಎದ್ದವು. ಊರ ಜನ ತಿರುಗಿ ನೋಡಿದರು. ನೋಡಿದರೆ ಏನೂ ಆಗಲಿಲ್ಲ, ಎಸ್ತೇರ. ಇದನ್ನು ನಿನಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆದೆ. ನಾನು ಅಷ್ಟು ವರ್ಷ ಅಂಜಿದ್ದು ಎದುರಿಗೆ ಬಂತು, ನನ್ನನ್ನು ನೋಡಿತು, ನಾನು ಗಡಿಗೆ ಎತ್ತಿ ಮುಳ್ಳಿನ ಸಂದಿಯಲ್ಲಿ ಆಚೆ ದೂಡಿದೆ.

ಬಾಯಾರು ಬಂದು ತೆಗೆದುಕೊಂಡು ಹೋದರು. ಹೀಗೆ ಹೊತ್ತು ಏರಿತು. ಕರೆದಾಗಲೆಲ್ಲ ಬಂದರು. ಅವರ ಸೀರೆ ಹೊಲಸಾಗಿತ್ತು. ಮುಖ ಬೂದಿಯಾಗಿತ್ತು.

"ಹ್ಯಾಂಗದಾಳ್ರಿ ಅತ್ತಿ?"

"ಉಸಿರ ಐತಿ."

"ನೀವ್ರಿ?"

"ನಂದೂ ಐತಿ." ಸೆರಗು ಎತ್ತಿ ತೋರಿಸಿದರು. ಆ ಅಂಚಿನಿಂದ ಈ ಅಂಚಿನವರೆಗೆ ಗಂಟುಗಳೇ. "ಸೆರಗ ಸಾಲವಲ್ದು ತಂಗಿ" ಎಂದು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳದೆ ಗಡಿಗೆ ಹೊತ್ತು ಹೋದರು.

ಮಾಳವ್ವ ನನ್ನ ಒಲೆಗೆ ಕಟ್ಟಿಗೆ ದೂಡುತ್ತ ಕೇಳಿದಳು. "ನಿಮ್ಮ ಸ್ವಾಮಿ ಕುರುಬಾ ಅಂತಲ್ಲ, ಖರೆ ಏನು?"

"ಹೌದಮ್ಮಾ, ಕುರಿ ಕಾಯೂ ಕುರುಬಾ ಅಂತ ತನ್ನನ್ನ ತಾನ ಹೇಳಿಕೊಂಡಾನು."

"ಹಂಗಿದ್ರ ಬರ್ತಾನ ಬಿಡು. ಒಂದ ಕುರಿ ತಪ್ಪಿದ್ರ ನಮ್ಮಾವ್ರೂ ಮನಿಗೆ ಬರಂಗಿಲ್ಲ" ಎಂದಳು. ಈ ಮಾತನ್ನು ನಾನು ಆಮೇಲೆ ಚರ್ಚಿನ ಎಷ್ಟೋ ಉಪದೇಶಗಳಲ್ಲಿ ಕೇಳಿದ್ದೇನೆ. ಆ ಮುದುಕಿ ಹೇಳಿದಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ.

ಇಳಿಹೊತ್ತಿಗೆ ನಾನು ಕರೆದರೆ ಬಾಯಾರು ಬರಲಿಲ್ಲ. ಮತ್ತೆ ಕರೆದೆ. ಓಣಿ ಸುಮ್ಮನಿತ್ತು. ನಿಮ್ಮ ಮುತ್ಯಾ ಎತ್ತುಗಳನ್ನು ಬಿಟ್ಟು ಮುಳ್ಳಿನ ಹತ್ತಿರ ಓಡಿಬಂದರು. ದಾಟಲು ಕಾಲೆತ್ತಿದರು. ಬೇವಿನ ಮರದ ಕೆಳಗೆ ಗಂಡಸರು ಎದ್ದು ನಿಂತರು. ನಾನು ಗಂಡನ ಅಂಗಿ ಹಿಡಿದೆ. ಇನ್ನೊಂದು ಕೈಯಲ್ಲಿ ನನ್ನ ಸೆರಗಿನ ಗಂಟು ಹಿಡಿದಿದ್ದೆ. "ಬ್ಯಾಡ್ರಿ, ಬಾಯಾರು ಮಾತ ಕೊಟ್ಟಾರ" ಎಂದೆ. ಮತ್ತೆ ಕೂಗಿದೆ. ನನ್ನ ದನಿ ಬಿರಿಯುವ ಹಾಗೆ ಕೂಗಿದೆ.

ಆಗ ಬಾಯಾರು ಓಣಿಯ ಒಳಗಿಂದ ಓಡುತ್ತ ಬಂದರು. ಸೆರಗು ತಲೆಯ ಮೇಲಿರಲಿಲ್ಲ.

"ಒಂದಕ್ಕ ಹೋದ್ಲು! ತಂಗಿ, ನಿಮ್ಮ ಅತ್ತಿ ಒಂದಕ್ಕ ಹೋದ್ಲು!"

ಆ ಬೇನೆಯಲ್ಲಿ ಮೂತ್ರ ನಿಂತುಹೋಗುತ್ತದೆ. ಮತ್ತೆ ಆಯಿತೆಂದರೆ ಜೀವ ಮರಳಿತೆಂದು ಅರ್ಥ. ಅದು ನನಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಊರಿಗೆ ಕೇಳಿಸಿದ್ದು, ಮೀಸೆಯ ಗಂಡಸರನ್ನು ಕಂಡರೆ ನಡುಗುವ ಬಾಯಾರು ಇಡೀ ಊರಿನೆದುರು ಹಾಗೆ ಕೂಗಿದ್ದು. ಮೊದಲು ಯಾರೋ ಹೆಂಗಸು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಎಷ್ಟೋ ದಿನದಿಂದ ನಗದಿದ್ದ ಊರು.

"ಒಬ್ಬಾಕಿ ಉಚ್ಚಿ ಹೊಯ್ದಿದ್ದಕ್ಕ ಇಷ್ಟ ಸಂತೋಷ ನಾ ಎಲ್ಲೂ ಕಂಡಿಲ್ಲ" ಎಂದಳು ಮಾಳವ್ವ.

ಹೊತ್ತು ಮುಳುಗಿದ ಮೇಲೆ ಮುಳ್ಳು ತೆಗೆದರು. ಗೌಡರು ಊರೊಳಗೆ ಹೋಗುವ ಮೊದಲು ನಮ್ಮ ಓಣಿಯ ಬಾಯಿಗೆ ಬಂದು ನಿಂತು, "ಅದಾಳೇನು?" ಎಂದು ಕೇಳಿದರು. "ಅದಾಳ್ರಿ" ಎಂದು ನಾನೇ ಉತ್ತರ ಹೇಳಿದೆ. ಅವರು ತಲೆಯಾಡಿಸಿ ಹೋದರು. ಆ ಬೇಸಿಗೆಯಲ್ಲಿ ಊರಲ್ಲಿ ಮತ್ತೆ ಕೆಲವರು ತೀರಿಕೊಂಡರು. ನಮ್ಮಿಂದಲೇ ಎಂದು ಆಡಿಕೊಂಡವರೂ ಇದ್ದರು. ಆದರೆ ಮುಂದಿನ ವಾರ ಬೇನೆ ಬಿದ್ದ ಇನ್ನೊಂದು ಮನೆಗೂ ಮುಳ್ಳಿನ ಹೊರಗೆ ಒಲೆ ಹೂಡಿದ್ದರು. ಹೂಡಿಸಿದವರು ಗೌಡರೇ.

ಆ ಸಂಜೆ ಬಾಯಾರು ಸ್ನಾನ ಮಾಡಿ, ಸೀರೆ ಕುದಿಸಿ ಒಣಗಹಾಕಿ, ಹಸಿ ಸೆರಗನ್ನೇ ಹಿಡಿದು ಹೊಸ್ತಿಲ ಮೇಲೆ ಕೂತರು. ಗಂಟುಗಳನ್ನು ಕುದಿಸುವಾಗಲೂ ಬಿಚ್ಚಿರಲಿಲ್ಲ. ನಾನೂ ಬಾಜೂಕ್ಕೆ ಕೂತು ನನ್ನ ಒಂದು ಗಂಟನ್ನು ಬಿಚ್ಚಿದೆ. "ಇದು ಗೌಡ್ರ ಮೀಸಿದು. ಇದು ನೀ ಕರದಾಗ ನನ್ನ ಕಾಲ ಏಳಲಿಲ್ಲಲಾ, ಅದು" ಎನ್ನುತ್ತ ಅವರು ಬಿಚ್ಚುತ್ತ ಹೋದರು. ಬೆಳಿಗ್ಗೆ ಹೊಸ್ತಿಲಲ್ಲಿ ನಡುಗುವ ಬೆರಳಲ್ಲಿ ಹಾಕಿದ ಮೊದಲ ಗಂಟು ಮಾತ್ರ ಬಿಗಿದು ಕೂತಿತ್ತು. ಹಲ್ಲು ಹಚ್ಚಿದರೂ ಬಿಚ್ಚಲಿಲ್ಲ.

"ಇದು ನಮ್ಮ ಅವ್ವಂದು" ಎಂದರು. "ಇರ್ಲಿ. ನಾಳೆ ನೋಡೂನು. ಅಂವಗೇನ್ ಅವಸರ ಇಲ್ಲ."

ಆಮೇಲೆ ಅಂಜಿಕೆಯ ಜ್ವರ ಬಂದು ಕೆಲವು ದಿನ ಮಲಗಿದರು. ಗುಣವಾದ ನನ್ನ ಅತ್ತೆ ಗಂಜಿ ಹೊತ್ತುಕೊಂಡು ಹೋಗಿ, "ಅಂಜುಬುರಕಿ, ಏಳ, ಉಣ್ಣು" ಎಂದು ಬೈದು ಉಣ್ಣಿಸುತ್ತಿದ್ದಳು. ಆಕೆ ಸಾಯುವವರೆಗೂ ಬಾಯಾರನ್ನು ಅಂಜುಬುರಕಿ ಎಂದೇ ಕರೆದಳು. ಬೇರೆ ಯಾರಾದರೂ ಹಾಗೆ ಅಂದರೆ ಜಗಳಕ್ಕೆ ನಿಲ್ಲುತ್ತಿದ್ದಳು.

ಮುದಿವಯಸ್ಸಿನಲ್ಲಿ, ಒಬ್ಬರೇ ಇರಲಾಗದೆ, ಬಾಯಾರು ಹುಕ್ಕೇರಿಗೆ ಹೋದರು. ಸಂತೆ ಬಯಲಿನ ಹಿಂದೆ ಒಂದು ಕೋಣೆ. ನಾಲ್ಕಾರು ಕ್ರೈಸ್ತ ಮನೆಗಳು ಅವರನ್ನು ನೋಡಿಕೊಳ್ಳುತ್ತಿದ್ದವು. ತವರಿಗೆ ಹೋದಾಗಲೆಲ್ಲ ನಾನು ಹೋಗಿ ಕಾಣುತ್ತಿದ್ದೆ. ಕಣ್ಣು ಮಂದವಾಗಿತ್ತು, ನಾಯಿಯ ಅಂಜಿಕೆ ಹಾಗೇ ಇತ್ತು. ನಿಮ್ಮ ಅಪ್ಪ ದೊಡ್ಡ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು. ನಾನು ಬಸ್ಸು ಹಿಡಿದು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗೋಕಾಕದಿಂದ ಬರಬೇಕಾದ ಪಾದ್ರಿ ಅಯ್ಯನವರು ಇನ್ನೂ ಬಂದಿರಲಿಲ್ಲ.

ಹೆಂಗಸರು ಮೈ ತೊಳೆಯಲು ಬಾಯಾರ ಸೀರೆ ಬಿಡಿಸುತ್ತಿದ್ದರು. ಸೆರಗಿನ ತುದಿಯಲ್ಲಿ ಒಂದು ಗಂಟು ಇತ್ತು. ಎಲ್ಲರೂ ಕೈ ತೆಗೆದರು. ಅದೇನೆಂದು ಎಲ್ಲರಿಗೂ ಗೊತ್ತಿತ್ತು. ಬಿಚ್ಚಬೇಕೋ, ಹಾಗೇ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. "ಅಯ್ಯನವರು ಬರ್ಲಿ, ಅವರ ಪ್ರಾರ್ಥನಿ ಮಾಡಿ ಬಿಚ್ಚಲಿ" ಎಂದಳು ಒಬ್ಬಳು.

ನಾನು ಭಾನುವಾರದ ಸಭೆಯಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವಳಲ್ಲ. ಕೊನೆಯ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸುವವಳು. ಆ ಕೋಣೆಯ ತುಂಬ ಹೆಂಗಸರಿದ್ದರು. ಬಾಗಿಲ ಹೊರಗೆ ಗಂಡಸರಿದ್ದರು. ನಾನು ಮಂಡಿಯೂರಿ ಕುಳಿತೆ. ಆ ಸೆರಗನ್ನು ಕೈಗೆ ತೆಗೆದುಕೊಂಡೆ.

"ಸ್ವಾಮಿ" ಎಂದೆ, ಬಾಗಿಲ ಹೊರಗಿದ್ದವರಿಗೂ ಕೇಳಿಸುವ ಹಾಗೆ. "ಇದು ಯಾತರದ ಅಂಜಿಕಿ ನನಗ ಗೊತ್ತಿಲ್ಲ. ನಿನಗ ಗೊತ್ತೈತಿ. ಈಗ ಅವರಿಗೆ ಇದು ಬೇಕಾಗಿಲ್ಲ. ಇಸಗೋ."

ಗಂಟು ಸಡಿಲ ಇತ್ತು. ಎಳೆದ ಕೂಡಲೇ ಬಿಚ್ಚಿಕೊಂಡಿತು.

ಅಂದಿನಿಂದ ನಾನೂ ಗಂಟು ಹಾಕುತ್ತೇನೆ. ನಿಮ್ಮ ಮುತ್ಯಾ ತೀರಿಕೊಂಡ ವರ್ಷ ಬಹಳ ಹಾಕಿದೆ. ಮುಂದೆ ನಿಮ್ಮ ಕಾಲ ಹೇಗಿರುತ್ತದೋ ನನಗೆ ತಿಳಿಯದು. ನಮ್ಮ ಕಾಲವೂ ಹೇಗಿರುತ್ತದೆಂದು ನಮಗೆ ತಿಳಿದಿರಲಿಲ್ಲ. ಅಂಜಿಕೆ ಬಂದರೆ ನಾಚಿಕೆಪಡಬೇಡಿ. ಕಟ್ಟಿಕೊಳ್ಳಿ, ನಡೆಯಿರಿ, ಸಂಜೆಗೆ ಸ್ವಾಮಿಯ ಮುಂದೆ ಬಿಚ್ಚಿರಿ.

ಈ ಹಾಳೆಗಳನ್ನು ನನ್ನ ಹಳೆಯ ಸೀರೆಯ ಸೆರಗಿನ ತುಂಡಿನಲ್ಲಿ ಸುತ್ತಿ, ಮೇಲೊಂದು ಗಂಟು ಹಾಕಿ ಟ್ರಂಕಿನಲ್ಲಿ ಇಡುತ್ತೇನೆ. ಬೇಕಾದಾಗ ಬಿಚ್ಚಿ ಓದಿ. ಗಟ್ಟಿಯಾಗಿ ಓದಿ, ಒಬ್ಬರಿಗೊಬ್ಬರು ಕೇಳಿಸುವ ಹಾಗೆ. ಓದಿದ ಮೇಲೆ ಮಳೆ ತಾಗದಂತೆ, ಹುಳ ತಿನ್ನದಂತೆ ಮತ್ತೆ ಕಟ್ಟಿಡಿ. ನಿಮ್ಮ ಮಕ್ಕಳಿಗೂ ಬಿಚ್ಚಲು ಒಂದು ಗಂಟು ಉಳಿದಿರಲಿ.